ಕೊಡಗಿನಲ್ಲಿ ಮೊದಲ ಮನೆ: ಮೊದಲು ಗುಡ್ಡದ ಬರೆ, ಆಮೇಲೆ ಪಹಣಿ, ಕೊನೆಗೆ ಬ್ಯಾಂಕು

ತೋಟದ ಕ್ವಾರ್ಟರ್ಸ್‌ನಲ್ಲಿ ಸಂಸಾರ ಮಾಡಿದವರಿಗೆಲ್ಲ ಗೊತ್ತು, ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ನಮ್ಮ ಮನೆಯವರು ಸುಂಟಿಕೊಪ್ಪದ ಹತ್ತಿರದ ಒಂದು ತೋಟದಲ್ಲಿ ರೈಟರ್, ಅಂದರೆ ತೋಟದ ಗುಮಾಸ್ತ. ನಾನು ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಇಬ್ಬರ ಸಂಬಳದ ಮೇಲೆ ಸಾಲ ಎತ್ತಿ ಕುಶಾಲನಗರದಲ್ಲಿ ಮನೆ ಕೊಂಡೆವು. ಅಂದಿನಿಂದ ಜೊತೆಯಲ್ಲಿ ಕೆಲಸ ಮಾಡುವವರು, ನೆಂಟರ ಮಕ್ಕಳು, ಪಕ್ಕದ ತೋಟದ ರೈಟರುಗಳು ಎಲ್ಲರೂ ಕೇಳುವುದು ಒಂದೇ: "ಅಕ್ಕ, ಯಾವ ಬ್ಯಾಂಕಲ್ಲಿ ಬಡ್ಡಿ ಕಡಿಮೆ?"

ನಾನು ಪ್ರತಿ ಸಲವೂ ಹೇಳುವುದು, ಆ ಪ್ರಶ್ನೆ ಕೊನೆಗೆ ಇರಲಿ ಅಂತ. ಬೆಂಗಳೂರು, ಮೈಸೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಬ್ಯಾಂಕಿನಿಂದ ಶುರು ಮಾಡಿದರೂ ನಡೆಯುತ್ತದೆ. ಕೊಡಗಿನಲ್ಲಿ ಮೊದಲು ನೆಲ ನೋಡಬೇಕು, ಆಮೇಲೆ ಅದರ ಕಾಗದ, ಆಮೇಲೆ ಬ್ಯಾಂಕು. ಬ್ಯಾಂಕು ಸಾಲ ಮಂಜೂರು ಮಾಡಿತು ಅಂದರೆ ಕೊಟ್ಟ ದುಡ್ಡು ವಾಪಸು ಬರುತ್ತದೆ ಎಂಬ ನಂಬಿಕೆ ಅವರಿಗೆ ಬಂತು ಅಂತಷ್ಟೇ. ಆಗಸ್ಟ್ ತಿಂಗಳ ರಾತ್ರಿ ಮಳೆ ಹೊಡೆಯುವಾಗ ಆ ಮನೆಯೊಳಗೆ ಮಲಗುವವರು ನಾವು.

ನೆಲ ನೋಡುವುದು

ಮನೆ ನೋಡುವುದಕ್ಕೆ ಜುಲೈ ಅಥವಾ ಆಗಸ್ಟ್‌ನಲ್ಲಿ ಹೋಗಿ. ಬ್ರೋಕರುಗಳು ಜನವರಿಯಲ್ಲಿ ತೋರಿಸಲು ಇಷ್ಟಪಡುತ್ತಾರೆ. ಆಗ ಬಿಸಿಲು ಚೆನ್ನಾಗಿರುತ್ತದೆ, ಗೋಡೆಗೆ ಹೊಸ ಬಣ್ಣ ಬಿದ್ದಿರುತ್ತದೆ, ಅಂಗಳದಲ್ಲಿ ಕಾಫಿ ಒಣಗುತ್ತಿರುತ್ತದೆ. ಬೇಸಿಗೆಯಲ್ಲಿ ನೋಡಿ ಇಷ್ಟವಾದರೆ ಒಂದು ಮಳೆಗಾಲ ಕಾಯಿರಿ. ಕಾಯಲು ಆಗದಿದ್ದರೆ ಅಕ್ಕಪಕ್ಕದವರ ಹತ್ತಿರವಾದರೂ ಕೂತು ಮಾತಾಡಿ.

ಮಡಿಕೇರಿ, ಮಾದಾಪುರ, ಸೋಮವಾರಪೇಟೆ ಕಡೆ ಇಳಿಜಾರಿನಲ್ಲಿ ಮನೆ ಕಟ್ಟುವಾಗ ಗುಡ್ಡ ಕಡಿದು ಜಾಗ ಮಟ್ಟ ಮಾಡುತ್ತಾರೆ. ಮನೆಯ ಹಿಂದೆ ನಿಲ್ಲುವ ಆ ಮಣ್ಣಿನ ಬರೆಯೇ ಮನೆಯ ಆಯುಸ್ಸು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲದಲ್ಲಿ ಏನಾಯಿತು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಡಿಕೇರಿ ಪಟ್ಟಣದೊಳಗೇ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲಿ ಮನೆಗಳು ಹೋದವು. ಮರುವರ್ಷ ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಬಂತು. ಆಸರೆ ಕೊಡದೆ ಇಳಿಜಾರು ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಆಗಲೇ ಹೇಳಿದ್ದರು.

ನಮಗೆ ಮಾದಾಪುರ ರಸ್ತೆಯ ಒಂದು ಮನೆ ತುಂಬ ಹಿಡಿಸಿತ್ತು. ಹೆಂಚಿನ ಮಾಡು, ಕೆಳಗೆ ಗದ್ದೆ, ಬೆಲೆಯೂ ನಮ್ಮ ಅಳತೆಗೆ ಬರುವಂಥದ್ದು. ನಾವು ಹೋದದ್ದು ಜೋರು ಮಳೆ ಹಿಡಿದ ವಾರ. ಮನೆಯೊಳಗೆ ನೋಡುವ ಮೊದಲು ನಮ್ಮ ಮನೆಯವರು ಕೊಡೆ ಹಿಡಿದು ಹಿಂಬದಿಗೆ ಹೋದರು. ಆಳೆತ್ತರಕ್ಕೂ ಮೀರಿದ ಕಲ್ಲಿನ ತಡೆಗೋಡೆ. ನೀರು ಹೋಗಲೆಂದು ಗೋಡೆಯಲ್ಲಿ ಪೈಪುಗಳನ್ನು ಬಿಟ್ಟಿದ್ದರು. ಮೇಲಿನ ಸಾಲಿನ ಪೈಪುಗಳಲ್ಲಿ ತಿಳಿನೀರು ಸಣ್ಣಗೆ ಸುರಿಯುತ್ತಿತ್ತು. ಕೆಳಗಿನ ಎರಡರಲ್ಲಿ ಬರುತ್ತಿದ್ದದ್ದು ಕೆಂಪು ನೀರು. ಇವರು ಅಂಗೈ ಒಡ್ಡಿ ಹಿಡಿದರು, ಕೈಯಲ್ಲಿ ನುಣ್ಣನೆಯ ಮಣ್ಣು ಉಳಿಯಿತು. ತಿಳಿನೀರು ಬಂದರೆ ಗೋಡೆ ಕೆಲಸ ಮಾಡುತ್ತಿದೆ ಎಂದು ಅರ್ಥ. ಮಣ್ಣು ಬಂದರೆ ಒಳಗೆ ಬರೆ ಕರಗುತ್ತಿದೆ. ತಲೆ ಎತ್ತಿ ನೋಡಿದರೆ ಗೋಡೆಯ ಮೇಲಿನ ಸಿಲ್ವರ್ ಮರಗಳ ಬುಡ ಮನೆಯ ಕಡೆಗೆ ವಾಲಿ, ತುದಿ ಮಾತ್ರ ನೆಟ್ಟಗೆ ಬೆಳೆದಿತ್ತು. ನೆಲ ನಿಧಾನವಾಗಿ ಜಾರುವ ಕಡೆ ಮರ ಹಾಗೆ ಬಾಗಿ ಬೆಳೆಯುತ್ತದೆ. ಚಹಾ ಕುಡಿದು, ಆ ಮನೆ ಮಾರುವವರಿಗೆ ಕೈ ಮುಗಿದು ಬಂದೆವು.

ಇನ್ನೂ ಕೆಲವು ಗುರುತುಗಳಿವೆ. ಒಂದೇ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬಿರುಕು, ಮೇಲಿನ ತೋಟದಲ್ಲಿ ಉದ್ದಕ್ಕೆ ಸೀಳಿದ ನೆಲ, ಹಿಂದೆ ಇಲ್ಲದ ಕಡೆ ಹೊಸದಾಗಿ ಎದ್ದ ಒರತೆ, ಹೂತು ಹೋದ ಚರಂಡಿ. ಮೇಲಿನ ಜಾಗದವರು ಕೆರೆ ತೋಡಿದ್ದಾರಾ, ಜೆಸಿಬಿ ತಂದು ಹೊಸ ರಸ್ತೆ ಕಡಿದಿದ್ದಾರಾ ಎಂದೂ ನೋಡಿ. ನಮ್ಮ ಜಾಗ ಎಷ್ಟು ಗಟ್ಟಿಯಾಗಿದ್ದರೂ ಮೇಲಿನವರ ನೀರು ನಮ್ಮ ಮೇಲೆಯೇ ಇಳಿಯುವುದು.

ಕುಶಾಲನಗರ, ನೆಲ್ಯಹುದಿಕೇರಿ, ಕರಡಿಗೋಡು ಕಡೆ ಬರೆಯ ಭಯ ಇಲ್ಲ, ಕಾವೇರಿಯ ಭಯ. ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತ್ತು. ಈಗ ನಾವಿರುವ ಬೀದಿಯಲ್ಲಿ ವಿಚಾರಿಸಲು ಹೋದಾಗ ಎದುರು ಮನೆಯ ಅಜ್ಜಿಯನ್ನು ಕೇಳಿದೆ: "ಅಜ್ಜಿ, ಆ ವರ್ಷ ಇಲ್ಲಿ ತನಕ ನೀರು ಬಂದಿತ್ತಾ?" ಅವರು ಜಗಲಿಯಿಂದ ಕೆಳಗಿಳಿದು ಬಂದು ಮೋರಿಯ ಕಲ್ಲು ತೋರಿಸಿದರು. "ಇಲ್ಲಿಗೆ ನಿಂತಿತು ಮಗಳೇ. ಮರುವರ್ಷವೂ ಇಲ್ಲಿಗೇ. ಈ ಕಲ್ಲು ದಾಟಲಿಲ್ಲ." ಮನೆ ಮಾರುವವರು ಇದನ್ನು ಹೇಳುವುದಿಲ್ಲ, ಯಾವ ಕಾಗದದಲ್ಲೂ ಇದು ಇರುವುದಿಲ್ಲ. ಮೂರು ಮನೆಗಳಲ್ಲಿ ಕೇಳಿ, ಮೂವರೂ ಒಂದೇ ಮಾತು ಹೇಳಿದರೆ ನಂಬಬಹುದು.

ಸಿದ್ದಾಪುರ, ವಾಲ್ನೂರು, ಮಾಲ್ದಾರೆ ಕಡೆ ನೋಡುವವರು ಆನೆ ಓಡಾಡುವ ದಾರಿಯನ್ನೂ ವಿಚಾರಿಸಿ. ಬೆಳಿಗ್ಗೆ ಏಳಕ್ಕೆ ಶಾಲೆ ಬಸ್ಸಿಗೆ ಮಗುವನ್ನು ನಡೆಸಿಕೊಂಡು ಹೋಗುವ ರಸ್ತೆ ಯಾವುದು ಎಂದು ನಿಮಗೆ ಗೊತ್ತಿರಬೇಕು.

ಕಾಗದ ನೋಡುವುದು

ಕೊಡಗಿನ ಜಮೀನಿನ ಕಾಗದ ಬೇರೆ ಜಿಲ್ಲೆಗಳ ಹಾಗಲ್ಲ. ಜಮ್ಮಾ, ಬಾಣೆ, ಸಾಗು, ಪೈಸಾರಿ, ರಿಡೀಮ್ಡ್, ಅನ್‌ರಿಡೀಮ್ಡ್ ಎಂದು ನಾನಾ ಬಗೆ. ಹೊರಗಿನಿಂದ ಬಂದ ಬ್ಯಾಂಕ್ ಮ್ಯಾನೇಜರುಗಳೇ ಇದನ್ನು ನೋಡಿ ಗಾಬರಿಯಾಗುತ್ತಾರೆ. ಆದ್ದರಿಂದ ಪಹಣಿ ಓದಲು ನೀವೇ ಕಲಿಯಿರಿ, ಕಷ್ಟವಿಲ್ಲ.

ಪಹಣಿ ಕೈಗೆ ಬಂದ ಕೂಡಲೇ 9, 10, 11ನೇ ಕಾಲಂ ನೋಡಿ. 9ರಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು, 11ರಲ್ಲಿ ಹಕ್ಕು ಮತ್ತು ಋಣ. ಜಮ್ಮಾ ಜಾಗ, ಅಂದರೆ ಒಕ್ಕಕ್ಕೆ (ಕೊಡಗಿನ ಕೂಡುಕುಟುಂಬಕ್ಕೆ) ವಂಶಪಾರಂಪರ್ಯವಾಗಿ ಬಂದದ್ದಾದರೆ 9ನೇ ಕಾಲಂನಲ್ಲಿ ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರಿನ ಜೊತೆಗೆ ಒಕ್ಕದ ಇನ್ನೂ ಹಲವರ ಹೆಸರು ಸಾಲಾಗಿ ಇರುತ್ತದೆ. ಕೆಲವರು ತೀರಿಹೋಗಿ ಎಷ್ಟೋ ವರ್ಷ ಆಗಿರುತ್ತದೆ. ನಿಮ್ಮ ಎದುರು ಕೂತು ಬೆಲೆ ಹೇಳುತ್ತಿರುವವರು ಆ ಪಟ್ಟಿಯಲ್ಲಿ ಒಬ್ಬರು ಮಾತ್ರ. "ಇದು ನಮ್ಮ ಪಾಲಿಗೆ ಬಂದ ಜಾಗ, ಒಕ್ಕದಲ್ಲಿ ಎಲ್ಲರಿಗೂ ಗೊತ್ತು" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಬಾಯಿಮಾತಿನ ಪಾಲು ಎಷ್ಟೋ ಒಕ್ಕಗಳಲ್ಲಿ ತಲೆಮಾರುಗಳಿಂದ ನಡೆದಿದೆ. ಆದರೆ ಬ್ಯಾಂಕಿಗೆ ಬೇಕಾದ್ದು ನೋಂದಣಿಯಾದ ವಿಭಾಗಪತ್ರ, ಉಳಿದ ಹಕ್ಕುದಾರರ ಹಕ್ಕು ಬಿಡುಗಡೆ ಪತ್ರ, ಆ ಪಾಲನ್ನು ಅಳೆದು ಬೇರೆ ಮಾಡಿದ ಪೋಡಿ, ಸರ್ವೆಯವರು ಕೊಡುವ 11ಇ ನಕ್ಷೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯನ್ನೂ ಕೇಳಿ. 2005ರ ತಿದ್ದುಪಡಿಯಾದ ಮೇಲೆ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಇವೆಲ್ಲ ಆಗದ ಹೊರತು ಮುಂಗಡ ಕೊಡಬೇಡಿ, ಐದು ಸಾವಿರವೂ ಬೇಡ. ನನ್ನ ಮಟ್ಟಿಗೆ, ಮೊದಲ ಮನೆ ಕೊಳ್ಳುವವರು ಪಾಲಾಗದ ಜಮ್ಮಾ ಜಾಗದ ಕಡೆ ಹೋಗದಿರುವುದೇ ಒಳ್ಳೆಯದು.

11ನೇ ಕಾಲಂನಲ್ಲಿ ಸಹಕಾರ ಸಂಘದ ಬೆಳೆ ಸಾಲ, ಕೋರ್ಟಿನ ತಡೆಯಾಜ್ಞೆ, ಪರಭಾರೆ ನಿಷೇಧದ ಷರತ್ತು ಇಂಥವು ಕಾಣಿಸುತ್ತವೆ. ಸಾಲ ಇದ್ದರೆ ತೀರಿಸಿದ ಪತ್ರ ತರಿಸಿ, ಋಣ ತೆಗೆದ ಹೊಸ ಪಹಣಿ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ಅಲ್ಲಿ ನಿಲ್ಲುವುದಿಲ್ಲ. ಪೈಸಾರಿ ಅಂದರೆ ಸರ್ಕಾರಿ ಜಾಗ. ಅಲ್ಲಿ ಕಟ್ಟಿದ ಮನೆಗೆ 94ಸಿ ಹಕ್ಕುಪತ್ರ, ಅಂದರೆ ಮನೆಯನ್ನು ಸಕ್ರಮ ಮಾಡಿದ ಪತ್ರ, ಇದೆ ಎಂದು ತೋರಿಸಿದರೆ ಅದರ ಹಿಂದೆ ಬರೆದ ಷರತ್ತುಗಳನ್ನು ಪೂರ್ತಿ ಓದಿ.

ಪಹಣಿ ಇನ್ನೂ ಕೃಷಿ ಜಮೀನು ಎಂದೇ ಇದ್ದರೆ ಗೃಹಸಾಲ ಸಿಗುವುದು ಕಷ್ಟ. ತೋಟದ ನಡುವೆ ಎಷ್ಟು ಚೆಂದದ ಮನೆ ಇದ್ದರೂ ಅಷ್ಟೇ. ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ಅನುಮೋದಿತ ನಕ್ಷೆ, ಕಟ್ಟಡದ ಪರವಾನಗಿ ಈ ಮೂರೂ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. ಅನುಮೋದನೆ ಇಲ್ಲದ ಜಾಗಕ್ಕೆ ಕೊಡುವ 11ಬಿ ಎಂದಿದ್ದರೆ ಹೆಚ್ಚಿನ ಬ್ಯಾಂಕುಗಳು ಫೈಲ್ ಮುಟ್ಟುವುದಿಲ್ಲ. ಪಟ್ಟಣದೊಳಗಾದರೆ ಇ-ಖಾತೆ. 2024ರಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಋಣಭಾರ ಪ್ರಮಾಣಪತ್ರವನ್ನು, ಎಲ್ಲರೂ ಇಸಿ ಅನ್ನುತ್ತಾರಲ್ಲ ಅದನ್ನು, ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ 2.0ರಲ್ಲಿ ಮನೆಯಿಂದಲೇ ತೆಗೆಯಬಹುದು. ಮೂವತ್ತು ವರ್ಷದ್ದು ತೆಗೆಸಿ, ವ್ಯವಹಾರದ ಕೊಂಡಿ ಎಲ್ಲೂ ತಪ್ಪಿಲ್ಲವೇ ನೋಡಿ.

ಬ್ಯಾಂಕಿನ ವಕೀಲರು ಹೇಗೂ ನೋಡುತ್ತಾರಲ್ಲ ಎಂದು ಬಿಡಬೇಡಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕೊಡಗಿನ ಜಮೀನು ಕಾಯ್ದೆ ಬಲ್ಲ ಒಬ್ಬ ವಕೀಲರಿಗೆ ನಿಮ್ಮ ಪರವಾಗಿ ಫೀಸು ಕೊಟ್ಟು ತೋರಿಸಿ. ಬ್ಯಾಂಕಿನವರ ವರದಿಯನ್ನು ಎಷ್ಟೋ ಕಡೆ ನಮಗೆ ಕೊಡುವುದೂ ಇಲ್ಲ.

ದುಡ್ಡಿನ ಲೆಕ್ಕ

ನಾನು ಲೆಕ್ಕದವಳು, ಇದನ್ನು ಬಿಡಿಸಿಯೇ ಹೇಳುತ್ತೇನೆ. ಕುಶಾಲನಗರದಲ್ಲಿ 36 ಲಕ್ಷದ ಮನೆ ಎಂದು ಇಟ್ಟುಕೊಳ್ಳಿ.

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಮೌಲ್ಯದ ಶೇ 90ರ ತನಕ, 30ರಿಂದ 75 ಲಕ್ಷವಾದರೆ ಶೇ 80ರ ತನಕ, ಅದಕ್ಕೂ ಮೇಲಾದರೆ ಶೇ 75ರ ತನಕ ಕೊಡಬಹುದು. ಇದು ಮೇಲಿನ ಮಿತಿ. ಅಷ್ಟನ್ನೂ ಕೊಡಲೇಬೇಕೆಂದಿಲ್ಲ. 28 ಲಕ್ಷ ಸಿಕ್ಕಿತೆನ್ನಿ, 8 ಲಕ್ಷ ಕೈಯಿಂದ ಹೋಗಬೇಕು. ಇಷ್ಟಕ್ಕೇ ಮುಗಿಯಿತು ಎಂದುಕೊಂಡವರು ನೋಂದಣಿಯ ದಿನ ಒಡವೆ ಅಡವಿಡಲು ಓಡುತ್ತಾರೆ. ಮುದ್ರಾಂಕ ಶುಲ್ಕ ಶೇ 5, ಅಂದರೆ 1,80,000. ಆ ಶುಲ್ಕದ ಮೇಲೆ ಶೇ 10 ಸೆಸ್ 18,000, ಪಟ್ಟಣದಲ್ಲಿ ಶೇ 2 ಸರ್‌ಚಾರ್ಜ್ 3,600. ಹಳ್ಳಿಯಲ್ಲಿ ಸರ್‌ಚಾರ್ಜ್ ಶೇ 3. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ, ಅದು 72,000. ಒಟ್ಟು 2,73,600 ರೂಪಾಯಿ. ಇದಕ್ಕೆ ಸಾಮಾನ್ಯವಾಗಿ ಬ್ಯಾಂಕು ಸಾಲ ಕೊಡುವುದಿಲ್ಲ. ಮೇಲೆ ವಕೀಲರು, ಮೌಲ್ಯಮಾಪಕರು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಅಡಮಾನ ಪತ್ರದ ಖರ್ಚು, ಹಾಲು ಉಕ್ಕಿಸುವ ದಿನದ ಊಟ. 36 ಲಕ್ಷದ ಮನೆಗೆ ಕೈಯಲ್ಲಿ 12 ಲಕ್ಷವಾದರೂ ಇರಬೇಕು.

ಬೆಲೆಯಲ್ಲಿ ಸ್ವಲ್ಪ ಭಾಗ ನಗದು ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಸ್ಥಿರಾಸ್ತಿಗೆ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾಯ್ದೆಯಲ್ಲಿ ದಂಡಕ್ಕೆ ದಾರಿ. ಪತ್ರದಲ್ಲಿ ಬೆಲೆ ಇಳಿದರೆ ಬ್ಯಾಂಕು ಕೊಡುವ ಸಾಲವೂ ಇಳಿಯುತ್ತದೆ. ನೀವು ಮಾರುವ ಕಾಲಕ್ಕೆ ತೆರಿಗೆ ನಿಮ್ಮ ತಲೆಗೆ ಬರುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಕಟ್ಟುವ ಜವಾಬ್ದಾರಿ ಕೊಳ್ಳುವವರದ್ದು, ಅದನ್ನೂ ನೆನಪಿಡಿ.

ಈಗ ಕಂತು. 28 ಲಕ್ಷಕ್ಕೆ ಶೇ 8 ಬಡ್ಡಿಯಲ್ಲಿ 20 ವರ್ಷವಾದರೆ ತಿಂಗಳಿಗೆ ಸುಮಾರು 23,420. ಮೊದಲ ಕಂತಿನಲ್ಲಿ 18,667 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,750 ಚಿಲ್ಲರೆ. ಅದೇ ಸಾಲವನ್ನು 15 ವರ್ಷಕ್ಕೆ ಹಾಕಿಸಿದರೆ ಕಂತು 26,760ರ ಹತ್ತಿರ. ತಿಂಗಳಿಗೆ 3,340 ಹೆಚ್ಚು ಕಟ್ಟಿದರೆ ಒಟ್ಟಿನಲ್ಲಿ ಸುಮಾರು 8 ಲಕ್ಷ ಉಳಿಯುತ್ತದೆ.

ಆದರೂ ತೋಟದ ಸಂಬಳ ನಂಬಿದವರಿಗೆ ನಾನು 20 ವರ್ಷವನ್ನೇ ಹೇಳುವುದು. ನಮ್ಮ ಕಡೆ ದುಡ್ಡು ತಿಂಗಳು ತಿಂಗಳು ಒಂದೇ ಸಮ ಬರುವುದಿಲ್ಲ. ಕಾಫಿ ಕೊಯ್ಲು, ಕರಿಮೆಣಸು ಮುಗಿದ ಮೇಲೆ ಬೋನಸ್ಸು, ಇಲ್ಲವೇ ಮನೆಯ ಪಾಲಿನ ಮೆಣಸು ಮಾರಿದ ದುಡ್ಡು ಕೈಗೆ ಬರುತ್ತದೆ. ಕಂತನ್ನು ಕಡಿಮೆ ಇಟ್ಟುಕೊಂಡು ವರ್ಷಕ್ಕೊಮ್ಮೆ 50,000 ಅಸಲಿಗೆ ಕಟ್ಟುತ್ತ ಬಂದರೆ 20 ವರ್ಷದ ಸಾಲ ಸುಮಾರು ಐದೂವರೆ ವರ್ಷ ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಅವಧಿಗೆ ಮುನ್ನ ಕಟ್ಟಿದರೆ ದಂಡ ಹಾಕುವಂತಿಲ್ಲ. ಕಟ್ಟುವಾಗ "ಕಂತು ಇಳಿಸಬೇಡಿ, ಅವಧಿ ಇಳಿಸಿ" ಎಂದು ಬರೆದುಕೊಟ್ಟು ಬನ್ನಿ.

ಬ್ಯಾಂಕು

ರೈಟರು, ಮೇಸ್ತ್ರಿ, ಡ್ರೈವರ್ ಕೆಲಸದವರಿಗೆ ದೊಡ್ಡ ತೊಡಕು ಆದಾಯ ತೋರಿಸುವುದು. ಮನೆ, ಸೌದೆ, ಕರೆಂಟು ತೋಟದ್ದೇ ಆದ್ದರಿಂದ ಕೈಗೆ ಬರುವ ಸಂಬಳ ಕಡಿಮೆ, ಅದರಲ್ಲೂ ಒಂದಷ್ಟು ಲಕೋಟೆಯಲ್ಲಿ. ಬ್ಯಾಂಕು ಖಾತೆಗೆ ಜಮೆಯಾದ ಸಂಬಳವನ್ನು ಮಾತ್ರ ಎಣಿಸುತ್ತದೆ. ಮನೆ ಕೊಳ್ಳುವ ಯೋಚನೆ ಬಂದಾಗಲೇ ಧಣಿಗಳ ಹತ್ತಿರ ಮಾತಾಡಿ ಪೂರ್ತಿ ಸಂಬಳ ಖಾತೆಗೆ ಹಾಕಿಸಿಕೊಳ್ಳಿ. ತೆರಿಗೆ ಬರದಿದ್ದರೂ ಎರಡು ಮೂರು ವರ್ಷ ರಿಟರ್ನ್ ಸಲ್ಲಿಸಿ. ಸಣ್ಣ ಬೆಳೆಗಾರರು ಕಾಫಿ, ಮೆಣಸು ಮಾರಿದ ಬಿಲ್ಲುಗಳನ್ನು ಜೋಪಾನ ಮಾಡಿ, ಅಂಗಡಿಯವರಿಂದ ದುಡ್ಡನ್ನು ಖಾತೆಗೇ ಹಾಕಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಜಂಟಿಯಾಗಿ ಅರ್ಜಿ ಹಾಕಿ, ಮನೆಯನ್ನೂ ಇಬ್ಬರ ಹೆಸರಿಗೆ ಮಾಡಿಸಿ. ಕಂತು ಕಟ್ಟುವ ಹೆಂಗಸಿನ ಹೆಸರು ಪತ್ರದಲ್ಲಿ ಇರಲೇಬೇಕು ಎಂಬುದು ನನ್ನ ಹಟ.

ನಮ್ಮ ಸಾಲಗಳ ಚರಿತ್ರೆ ಹೇಳುವ ಸಿಬಿಲ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ಅರ್ಜಿಗೆ ಮೊದಲೇ ತೆಗೆದು ನೋಡಿ. ನೆಂಟರ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ಅಲ್ಲಿ ಕಾಣಿಸಬಹುದು. ನಮ್ಮ ಕಡೆ ಜಾಮೀನು ಬೇಡ ಎನ್ನುವುದು ದೊಡ್ಡ ಮುಜುಗರ, ಆದರೂ ಮನೆ ಸಾಲದ ಅರ್ಜಿ ಹಾಕುವ ವರ್ಷ ಬೇಡವೆನ್ನಿ.

ಬಡ್ಡಿ ವಿಚಾರ ಚಿಕ್ಕದು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಗೃಹಸಾಲದ ಬದಲಾಗುವ ದರವನ್ನು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕೆ, ಕಟ್ಟಿವೆ. 2025ರಲ್ಲಿ ರೆಪೊ ಶೇ 6.5ರಿಂದ ಶೇ 5.25ಕ್ಕೆ ಇಳಿಯಿತು, ಸಾಲಗಾರರಿಗೂ ಅದು ಸಿಕ್ಕಿತು. ಏರಿದಾಗ ಏರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎರಡು ಮೂರು ಬ್ಯಾಂಕುಗಳಿಂದ ಮುಖ್ಯಾಂಶಗಳ ಹೇಳಿಕೆ, ಅಂದರೆ ಕೆಎಫ್‌ಎಸ್ ಕೇಳಿ ಪಡೆಯಿರಿ. 2024ರ ಅಕ್ಟೋಬರ್‌ನಿಂದ ಅದನ್ನು ಕೊಡುವುದು ಕಡ್ಡಾಯ. ಬಡ್ಡಿ, ಫೀಸು ಎಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ಒಂದೇ ಅಂಕಿಯಲ್ಲಿ ಇರುತ್ತದೆ, ಅದನ್ನೇ ಹೋಲಿಸಿ.

ನಿಮ್ಮ ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ, ಕುಟುಂಬದ ವರ್ಷದ ಆದಾಯ 9 ಲಕ್ಷದೊಳಗೆ ಇದ್ದು, ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದಿದ್ದರೆ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಮೊದಲ 8 ಲಕ್ಷಕ್ಕೆ ಶೇ 4ರ ಲೆಕ್ಕದಲ್ಲಿ ಹೆಚ್ಚೆಂದರೆ 1.80 ಲಕ್ಷ, ವರ್ಷಕ್ಕೊಂದರಂತೆ ಐದು ಕಂತಿನಲ್ಲಿ ಬರುತ್ತದೆ. ಬೆಲೆ 36 ಲಕ್ಷ ಎಂದು ಕೂತವರ ಹತ್ತಿರ ಒಂದು ಲಕ್ಷಕ್ಕೆ ಚೌಕಾಸಿ ಮಾಡಲು ಇದೊಂದು ಕಾರಣ.

ಮಾರಾಟದ ಕರಾರಿನಲ್ಲಿ ಒಂದು ಸಾಲು ಬಿಡಬೇಡಿ: ಕಾಗದದ ತೊಡಕಿನಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸು, ಇಂತಿಷ್ಟು ದಿನದೊಳಗೆ. ಇದಕ್ಕೆ ಮುಖ ಗಂಟಿಕ್ಕಿದವರ ಕಾಗದದಲ್ಲಿ ಏನೋ ಇದೆ ಎಂದೇ ತಿಳಿಯಿರಿ.

ಸೈಟು ಕೊಂಡು ಕಟ್ಟುವವರಿಗೆ ಎರಡು ಮಾತು. ಕಟ್ಟುವ ಸಾಲ ತಳಪಾಯ, ಲಿಂಟೆಲ್, ಮಾಡು ಎಂದು ಹಂತ ಹಂತವಾಗಿ ಬಿಡುಗಡೆಯಾಗುತ್ತದೆ, ಬಿಡುಗಡೆಯಾದ ದುಡ್ಡಿಗೆ ಬಡ್ಡಿ ಓಡುತ್ತಲೇ ಇರುತ್ತದೆ. ಮೇ ತಿಂಗಳಲ್ಲಿ ಮೊದಲ ಕಂತು ತೆಗೆದರೆ ನಾಲ್ಕು ತಿಂಗಳು ಮಳೆ ನೋಡುತ್ತ ಬಡ್ಡಿ ಕಟ್ಟಬೇಕು. ತುಲಾ ಸಂಕ್ರಮಣ ಕಳೆದ ಮೇಲೆ ದುಡ್ಡು ತೆಗೆದು, ಮುಂದಿನ ಮಳೆಗೆ ಮೊದಲು ಮಾಡು ಮುಚ್ಚುವ ಹಾಗೆ ನೋಡಿಕೊಳ್ಳಿ. ತಡೆಗೋಡೆ, ಚರಂಡಿಯ ಖರ್ಚನ್ನು ಎಂಜಿನಿಯರ್ ಅಂದಾಜುಪಟ್ಟಿಯಲ್ಲೇ ಸೇರಿಸಿರಬೇಕು. ಚದರಡಿ ಲೆಕ್ಕದಲ್ಲಿ ಮನೆಗೆ ಮಾತ್ರ ಸಾಲ ತೆಗೆದು, ಕೊನೆಗೆ ಗೋಡೆಗೆ ದುಡ್ಡಿಲ್ಲದೆ ಬರೆಗೆ ಪ್ಲಾಸ್ಟಿಕ್ ಹೊದಿಸಿ ಮಲಗುವವರನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇವೆ.

ಕೀಲಿಕೈ ಸಿಕ್ಕಿದ ಮೇಲೆ

ಮೂಲಪತ್ರಗಳು ಬ್ಯಾಂಕಿಗೆ ಹೋಗುತ್ತವೆ. ಕೊಟ್ಟ ಪ್ರತಿಯೊಂದು ಕಾಗದದ ಪಟ್ಟಿಗೆ ಸೀಲು, ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಅವರು ಎಲ್ಲವನ್ನೂ ವಾಪಸು ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ಆ ಪಟ್ಟಿ ಇಲ್ಲದೆ ಏನನ್ನೂ ಕೇಳಲಾಗುವುದಿಲ್ಲ. ಖಾತೆ ನಿಮ್ಮ ಹೆಸರಿಗೆ ಬಂತೇ, ಕಂದಾಯದ ರಸೀದಿ ನಿಮ್ಮ ಹೆಸರಿಗೆ ಬಂತೇ ಎಂದು ತಿಂಗಳೊಳಗೆ ಹೋಗಿ ನೋಡಿ.

ವಿಮೆಯಲ್ಲಿ ಎರಡು ಬಗೆ. ಸಾಲಗಾರರ ಜೀವಕ್ಕೆ ಮಾಡಿಸುವುದು ಒಂದು, ಮನೆಗೆ ಮಾಡಿಸುವುದು ಇನ್ನೊಂದು. ಬ್ಯಾಂಕಿನಲ್ಲಿ ಮೊದಲನೆಯದನ್ನು ಒತ್ತಿ ಹೇಳುತ್ತಾರೆ. ಬೇಕಿದ್ದರೆ ಹೊರಗೆ ಟರ್ಮ್ ಪಾಲಿಸಿ ವಿಚಾರಿಸಿ ಹೋಲಿಸಿ. ಎರಡನೆಯದನ್ನು ಕೊಡಗಿನವರು ತಪ್ಪಿಸಲೇಬಾರದು. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಕೊಡುತ್ತವೆ. ಪ್ರವಾಹ, ಭೂಕುಸಿತ ಎರಡೂ ಅದರಲ್ಲಿ ಸೇರಿವೆ. ಬಾಕಿ ಸಾಲದಷ್ಟಕ್ಕೆ ಮಾತ್ರ ಮಾಡಿಸಬೇಡಿ, ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ಮಾಡಿಸಿ. ಮನೆಯ ನಾಲ್ಕೂ ಮಗ್ಗುಲಿನ, ತಡೆಗೋಡೆಯ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದು ಬೇರೆ ಊರಿನಲ್ಲಿರುವ ಯಾರಿಗಾದರೂ ಕಳಿಸಿಡಿ.

ಮೇ ಕೊನೆಯೊಳಗೆ ಹಿಂದಿನ ಚರಂಡಿಯ ತರಗೆಲೆ ತೆಗೆಸಿ, ತಡೆಗೋಡೆಯ ಪೈಪುಗಳಿಗೆ ಕಬ್ಬಿಣದ ಸರಳು ಹಾಕಿ ಕಟ್ಟಿದ್ದನ್ನು ಬಿಡಿಸಿ, ಮೇಲಿನ ಜಾಗದವರ ಜೊತೆ ಮಾತಾಡಿ ಅವರ ನೀರನ್ನು ಮೋರಿಗೆ ತಿರುಗಿಸಿಕೊಳ್ಳಿ. ಈ ಕೆಲಸಕ್ಕೆ ಎರಡಾಳಿನ ಕೂಲಿ ಸಾಕು.